ಹೈದರಾಬಾದಿನ ಸಾಲುಮನೆಗಳು ಮತ್ತು ಪರಂಪರೆಯ ರಕ್ಷಣೆ

ನಗರದ ಚರಿತ್ರೆಯನ್ನು ಕೋಟೆ, ಅರಮನೆ, ಮಸೀದಿಗಳ ಮೂಲಕ ಓದುವುದು ರೂಢಿ. ಅಲ್ಲಿ ದುಡಿದವರ ಮನೆಗಳೂ ಚರಿತ್ರೆಯ ಆಕರಗಳೇ ಎಂಬುದಕ್ಕೆ ಹೈದರಾಬಾದು ಉತ್ತಮ ನಿದರ್ಶನ.

1908ರ ಸೆಪ್ಟೆಂಬರಿನ ಮೂಸಿ ಪ್ರವಾಹವು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ಬಂದ ಎಂ. ವಿಶ್ವೇಶ್ವರಯ್ಯನವರು ಜಲಾಶಯಗಳ ಜೊತೆಗೆ ಒಳಚರಂಡಿಯ ಯೋಜನೆಯನ್ನೂ ರೂಪಿಸಿದರು. 1912ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಮಂಡಳಿಯು ಕಿಕ್ಕಿರಿದ ಕೇರಿಗಳನ್ನು ತೆರವುಗೊಳಿಸಿ, ಬಡವರಿಗಾಗಿ ಸಾಲುಮನೆಗಳನ್ನು ಕಟ್ಟಿಸಿತು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ 1956ರವರೆಗೆ ಇದೇ ರಾಜಧಾನಿಯಾಗಿದ್ದುದರಿಂದ ಈ ವಿಷಯ ಕನ್ನಡ ಅಧ್ಯಯನಕ್ಕೆ ಹೊರಗಿನದಲ್ಲ.

ನಗರದ ಪಾರಂಪರಿಕ ಕಟ್ಟಡಗಳನ್ನು ಕಾಯುತ್ತಿದ್ದ ವಲಯ ನಿಯಮಾವಳಿಯ 13ನೆಯ ನಿಯಮವು 2015ರಲ್ಲಿ ರದ್ದಾಯಿತು; 2017ರಲ್ಲಿ ತೆಲಂಗಾಣ ಪರಂಪರೆ ಕಾಯಿದೆ ಬಂದಿತು. 2019ರಲ್ಲಿ ಇರ್ರಂ ಮಂಜಿಲ್ ಅರಮನೆಯನ್ನು ಕೆಡಹುವ ಸರ್ಕಾರದ ನಿರ್ಧಾರವನ್ನು ಉಚ್ಚ ನ್ಯಾಯಾಲಯವು ತಳ್ಳಿಹಾಕಿತು. ಅರಮನೆಗೆ ಖ್ಯಾತಿಯ ಬೆಂಬಲವುಂಟು, ಸಾಲುಮನೆಗೆ ಅದಿಲ್ಲ.

ಅರಮನೆಯ ಬೆಲೆ ಅದರ ಅಪೂರ್ವತೆಯಲ್ಲಿದ್ದರೆ, ಸಾಲುಮನೆಯ ಬೆಲೆ ಅದರ ಪುನರಾವರ್ತನೆಯಲ್ಲಿದೆ. ಒಂದು ಮನೆಯನ್ನಷ್ಟೇ ಉಳಿಸಿದರೆ ಓಣಿಯ ಅರ್ಥ ಉಳಿಯದು. ಇಂಗ್ಲೆಂಡಿನ ಸಾಲ್ಟೇರ್ ಕಾರ್ಮಿಕ ಗ್ರಾಮವನ್ನು 2001ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಗಿರಣಿ, ಬೀದಿ, ಮನೆಗಳನ್ನು ಒಟ್ಟಾಗಿಯೇ ಪರಿಗಣಿಸಲಾಯಿತು.

ಆದರೆ ಸಾಲುಮನೆ ಜನ ಬಾಳುವ ಮನೆ. ಮಗನಿಗೆ ಮದುವೆಯಾದರೆ ಮಾಳಿಗೆಯ ಮೇಲೊಂದು ಕೋಣೆ ಬೇಕಾಗುತ್ತದೆ. ಅದನ್ನು ನಿಷೇಧಿಸಿ ಸುಮ್ಮನಾಗುವ ರಕ್ಷಣೆಯು ಪರಂಪರೆಯ ಹೊರೆಯನ್ನು ಬಡವನ ತಲೆಗೇ ಹೊರಿಸುತ್ತದೆ. ಓಣಿಯ ವಿನ್ಯಾಸವನ್ನೂ ಮುಂಭಾಗವನ್ನೂ ಕಾಯ್ದು, ಒಳಗಿನ ಸುಧಾರಣೆಗೆ ಅವಕಾಶವನ್ನೂ ದುರಸ್ತಿಗೆ ಧನಸಹಾಯವನ್ನೂ ಒದಗಿಸುವುದೇ ನ್ಯಾಯವಾದ ಮಾರ್ಗ. ಯಾರ ವಾಸಕ್ಕಾಗಿ ಮನೆ ಹುಟ್ಟಿತೋ ಅವರನ್ನು ಹೊರಗಿಟ್ಟ ಸಂರಕ್ಷಣೆ ಗೋಡೆಗಳನ್ನು ಉಳಿಸೀತು, ಚರಿತ್ರೆಯನ್ನಲ್ಲ.