ಅಡುಗೆ ಕಟ್ಟೆಗೂ ಸವಕಳಿ ಉಂಟು

ಲೆಕ್ಕಶಾಸ್ತ್ರದಲ್ಲಿ ನಾವೆಲ್ಲ ಸವಕಳಿಯ ಪಾಠ ಓದಿದ್ದೇವೆ. ಆಸ್ತಿಯ ಮೌಲ್ಯ ಇಳಿಯಲು ಬಳಕೆಯಿಂದಾಗುವ ಸವೆತ ಒಂದು ಕಾರಣ. ಹೊಸದು ಬಂದು ಹಳೆಯದು ಹಿಂದೆ ಬೀಳುವುದು ಇನ್ನೊಂದು ಕಾರಣ. ಈ ಮಾತು ಯಂತ್ರಗಳಿಗಷ್ಟೇ ಅಲ್ಲ, ಮನೆಯ ನೆಲಕ್ಕೂ ಅನ್ವಯಿಸುತ್ತದೆ ಎಂದು ನನಗೆ ಗೊತ್ತಾದದ್ದು ನಮ್ಮ ಮನೆಯಲ್ಲೇ.

ನಮ್ಮ ಹಳೆಯ ಮನೆಯ ನೆಲ ಶಹಾಬಾದ್ ಕಲ್ಲಿನದು. ಕಲಬುರಗಿ ಜಿಲ್ಲೆಯ ಶಹಾಬಾದ್ ಊರಿನಿಂದಲೇ ಈ ಸುಣ್ಣದ ಕಲ್ಲಿಗೆ ಹೆಸರು ಬಂದಿದೆ. ನಮ್ಮ ಕಡೆ ಇದನ್ನು ಫರಸಿ ಎನ್ನುತ್ತಾರೆ. ಮನೆಯಲ್ಲಿ ನಾವಾಡುವ ಉರ್ದುವಿನಲ್ಲಿ ಫರ್ಶ್ ಎಂದರೆ ನೆಲ. ಆರು ವರ್ಷಗಳ ಹಿಂದೆ ಪಡಸಾಲೆಯ ಫರಸಿ ಕೀಳಿಸಿ, ಆಗ ಎಲ್ಲರೂ ಇಷ್ಟಪಡುತ್ತಿದ್ದ ಹೂವಿನ ಚಿತ್ತಾರದ ಹೊಳೆಯುವ ಟೈಲ್ಸ್ ಹಾಕಿಸಿದೆವು. ಹೋದ ವರ್ಷ ದಾದಿ ವುಜೂ ಮಾಡಿ ಒದ್ದೆ ಕಾಲಲ್ಲಿ ಬರುವಾಗ ಅಲ್ಲೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಒಡೆದಿದ್ದ ಎರಡು ಟೈಲ್ಸ್ ಬದಲಿಸೋಣವೆಂದರೆ ಆ ಚಿತ್ತಾರ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಟೈಲ್ಸ್ ಸವೆದಿರಲಿಲ್ಲ, ಆದರೆ ಅದರ ಕಾಲ ಮುಗಿದಿತ್ತು.

ಈ ಬೇಸಿಗೆಯಲ್ಲಿ ಅಡುಗೆಮನೆ ದುರಸ್ತಿಯ ಮಾತು ಬಂದಾಗ ನಾನು ನೋಟ್‌ಬುಕ್ ಹಿಡಿದು ಕುಳಿತೆ. ಸರಳ ರೇಖಾ ಪದ್ಧತಿಯಲ್ಲಿ ವೆಚ್ಚದಿಂದ ಉಳಿಕೆ ಮೌಲ್ಯ ಕಳೆದು, ಬಾಳಿಕೆಯ ವರ್ಷಗಳಿಂದ ಭಾಗಿಸುತ್ತೇವೆ. ಕಿತ್ತ ಟೈಲ್ಸ್‌ಗೆ ಉಳಿಕೆ ಮೌಲ್ಯವಿಲ್ಲ. ಬದಲಿಗೆ ಕೀಳುವ ಕೂಲಿಯನ್ನೇ ಕೂಡಿಸಬೇಕು. ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ:

ಚಿತ್ತಾರದ ಟೈಲ್ಸ್ ಕಟ್ಟೆ: 10,000 + ಕೀಳುವ ಕೂಲಿ 2,000 = 12,000 ರೂ. 8 ವರ್ಷಕ್ಕೆ ಬೇಸರ ಬಂದರೆ ವರ್ಷಕ್ಕೆ 1,500 ರೂ.

ಗ್ರಾನೈಟ್ ಕಟ್ಟೆ: 18,000 + ಕೂಲಿ 3,000 = 21,000 ರೂ. 30 ವರ್ಷ ಇಟ್ಟುಕೊಂಡರೆ ವರ್ಷಕ್ಕೆ 700 ರೂ.

ಕೊಳ್ಳುವಾಗ ಅಗ್ಗವಾದದ್ದು ಬಾಳುವಾಗ ದುಬಾರಿಯಾಯಿತು. ಲೆಕ್ಕ ತಿರುಗಿಸುವುದು ವರ್ಷಗಳ ಸಂಖ್ಯೆ. ಹಾಗಾದರೆ ಹೆಚ್ಚು ವರ್ಷ ಉಳಿಯುವುದು ಯಾವುದು?

ಗ್ರಾನೈಟ್‌ನ ಗಡಸುತನ ಮೋಸ್ ಮಾಪನದಲ್ಲಿ ಸುಮಾರು 6ರಿಂದ 7. ಅಮೃತಶಿಲೆಯದು ಸುಮಾರು 3. ಅಮೃತಶಿಲೆಗೆ ನಿಂಬೆರಸ, ಹುಣಸೆಹುಳಿ ಬಿದ್ದರೆ ಹೊಳಪು ಹೋಗಿ ಕಲೆ ಉಳಿಯುತ್ತದೆ. ಶಹಾಬಾದ್ ಕಲ್ಲಿಗೂ ಆಸಿಡ್ ಆಗದು, ಆದ್ದರಿಂದ ಅದು ಕಟ್ಟೆಗಿಂತ ನೆಲಕ್ಕೆ ಸರಿ. ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು ಗ್ರಾನೈಟ್ ನಮ್ಮ ರಾಜ್ಯದವೇ. ತಿಳಿ ಬಣ್ಣದ ಕಲ್ಲಿನಲ್ಲಿ ಅರಿಸಿನ, ಎಣ್ಣೆಯ ಕಲೆ ಬೇಗ ಕಾಣುತ್ತದೆ, ಕಪ್ಪಿನಲ್ಲಿ ಕಾಣದು. ಕಲ್ಲು ಮಂಕಾದರೆ ಮತ್ತೆ ಪಾಲಿಶ್ ಮಾಡಿಸಬಹುದು. ಟೈಲ್ಸ್ ಮೇಲಿನ ಚಿತ್ತಾರ ಹೋದರೆ ಮರಳಿ ಬಾರದು.

ಟೈಲ್ಸ್ ಬೇಡವೇ ಬೇಡ ಎಂದಲ್ಲ. ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಶೇ. 0.5ಕ್ಕಿಂತ ಹೆಚ್ಚಿಲ್ಲ, ಒರೆಸಲೂ ಸುಲಭ. ಆದರೆ ಒಂದೇ ಬಣ್ಣದ ಸಾದಾ ಟೈಲ್ಸ್ ಆರಿಸಿ. ನೀರು ಬೀಳುವ ಕಡೆ ಹೊಳಪಿಲ್ಲದ, ತರಿತರಿಯಾದದ್ದನ್ನೇ ಹಾಕಿಸಿ. ಅದೇ ಬ್ಯಾಚಿನ ಒಂದು ಪೆಟ್ಟಿಗೆ ಹೆಚ್ಚಿಗೆ ತೆಗೆದಿಡಿ. ಹೊಸ ಫ್ಯಾಷನ್ ಬೇಕೆನಿಸಿದರೆ ಪರದೆಗೆ, ಗೋಡೆಯ ಬಣ್ಣಕ್ಕೆ ಖರ್ಚು ಮಾಡಿ. ಅವುಗಳನ್ನು ಬದಲಿಸಲು ನೆಲ ಅಗೆಯಬೇಕಿಲ್ಲ.

ಅಬ್ಬಾ ನನ್ನ ಲೆಕ್ಕವನ್ನು ಎರಡು ಸಲ ನೋಡಿದರು. ಕಟ್ಟೆಗೆ ಕಪ್ಪು ಗ್ರಾನೈಟ್ ಬಂತು. ಪಡಸಾಲೆಯ ಟೈಲ್ಸ್ ಪೂರ್ತಿ ಕೀಳಿಸಲು ಹಣ ಸಾಲಲಿಲ್ಲ. ಆದರೆ ವುಜೂ ಮಾಡುವ ನಲ್ಲಿಯಿಂದ ದಾದಿಯ ಕೋಣೆಯವರೆಗೆ ಪಾಲಿಶ್ ಮಾಡದ ಶಹಾಬಾದ್ ಕಲ್ಲು ಹಾಕಿಸಿದ್ದೇವೆ. ದಾದಿ ಈಗ ಫಜ್ರ್‌ಗೆ ಯಾರನ್ನೂ ಎಬ್ಬಿಸದೆ ತಾವೇ ಹೋಗಿ ವುಜೂ ಮಾಡಿ ಬರುತ್ತಾರೆ.

ನಿಮ್ಮ ಮನೆಯಲ್ಲೂ ಇಂಥ ಕೆಲಸ ನಡೆಯುವುದಿದ್ದರೆ, ಅಂಗಡಿಗೆ ಹೋಗುವ ಮೊದಲು ಒಮ್ಮೆ ಈ ಲೆಕ್ಕ ಮಾಡಿ ನೋಡಿ.