ಮುಖದ ಮೇಲೆ ಬಂಗು

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಮುಖದ ತುಂಬಾ ಸೆರಗು ಹೊದ್ದು ಬಂದರು. ಹಿಂದೆ ಹೋಗಿ ಕೂತರು. "ಏನಾಯ್ತಕ್ಕ?" ಅಂತ ಕೇಳಿದೆವು. ಸೆರಗು ಸರಿಸಿದರು. ಎರಡೂ ಕೆನ್ನೆ ಕೆಂಪಾಗಿದ್ದವು. ಸಣ್ಣ ಸಣ್ಣ ಗುಳ್ಳೆ. ಉರಿ ಬೇರೆ.

ಅವರಿಗೆ ಮೊದಲು ಇದ್ದದ್ದು ಬರೀ ಬಂಗು. ಎರಡನೇ ಬಸುರಿನಲ್ಲಿ ಬಂದದ್ದು. ಕೆನ್ನೆ, ಹಣೆ, ತುಟಿಯ ಮೇಲೆ ಕಂದು ಕಲೆ. "ಮೈಯೊಳಗೆ ಏನೋ ದೋಷ ಇದೆ" ಅಂತ ಮನೆಯವರು ಆಡಿಕೊಂಡರು. ಮಾತು ತಾಳಲಾರದೆ ಅಕ್ಕ ಅಂಗಡಿಯಿಂದ ಒಂದು ಟ್ಯೂಬು ತಂದು ಹಚ್ಚಿದರು. ಮೊದಮೊದಲು ಮುಖ ಬೆಳ್ಳಗಾಯಿತು. ಪಕ್ಕದ ಮನೆಯವರೂ ಅದೇ ಟ್ಯೂಬು ತರಿಸಿಕೊಂಡರು! ಆರು ತಿಂಗಳಿಗೆ ಈ ಗತಿ.

ಬಂಗು ದೋಷ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಕೆಲವು ಕಡೆ ಹೆಚ್ಚಾದರೆ ಬಂಗು ಬರುತ್ತದೆ. ಬಿಸಿಲು ಅದನ್ನು ಹೆಚ್ಚಿಸುತ್ತದೆ. ತಾಯಿಗೆ ಇದ್ದರೆ ಮಗಳಿಗೂ ಬರಬಹುದು. ಬಸುರಿನಲ್ಲಿ ಬಂದದ್ದು ಹೆರಿಗೆಯ ನಂತರ ಎಷ್ಟೋ ಜನರಿಗೆ ತಾನೇ ತಿಳಿಯಾಗುತ್ತದೆ. ಮಕ್ಕಳಾಗದಂತೆ ನುಂಗುವ ಮಾತ್ರೆಯಿಂದಲೂ ಕೆಲವರಿಗೆ ಬರುತ್ತದೆ. ಹಾಗಂತ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ನರ್ಸಮ್ಮನನ್ನು ಕೇಳಿ, ಬೇರೆ ದಾರಿ ಹೇಳುತ್ತಾರೆ.

ಅಕ್ಕನ ಜೊತೆ ನಾವೂ ತಾಲೂಕು ಆಸ್ಪತ್ರೆಗೆ ಹೋದೆವು. ಡಾಕ್ಟರು ಟ್ಯೂಬು ನೋಡಿ, "ಇದರಲ್ಲಿ ಸ್ಟೀರಾಯ್ಡ್ ಇದೆ" ಅಂದರು. ಅದನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಮೊಡವೆ ಏಳುತ್ತದೆ. ಮುಖದಲ್ಲಿ ಕೂದಲೂ ಬೆಳೆಯಬಹುದು. ಇಂಥ 14 ಬಗೆಯ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಆದರೂ ಮಾರುವವರಿದ್ದಾರೆ.

ಟ್ಯೂಬಿನ ಮೇಲೆ ಇಂಗ್ಲಿಷ್ ಅಕ್ಷರ, ನಮಗೆ ಬರೋದಿಲ್ಲ ಅನ್ನಬೇಡಿ. ಕೆಂಪು ಗೆರೆ ಇದೆಯೇ ನೋಡಿ. ಇದ್ದರೆ ಅದು ಚೀಟಿ ಬೇಕಾದ ಔಷಧಿ. ಮಾಡಿದವರ ಹೆಸರು, ವಿಳಾಸ ಇಲ್ಲದ ಡಬ್ಬಿಯೂ ಬೇಡ. ಬಿಳಿ ಮಾಡುವ ಕೆಲವು ಕ್ರೀಮಿನಲ್ಲಿ ಪಾದರಸ ಸಿಕ್ಕಿದೆ. ಅದು ಮೂತ್ರಪಿಂಡ ಕೆಡಿಸುತ್ತದೆ. ನೀವು ಈಗಾಗಲೇ ಏನಾದರೂ ಹಚ್ಚುತ್ತಿದ್ದರೆ ಟ್ಯೂಬು ಹಿಡ್ಕೊಂಡೇ ಡಾಕ್ಟರ ಹತ್ತಿರ ಹೋಗಿ. ಸ್ಟೀರಾಯ್ಡನ್ನು ತಟ್ಟನೆ ಬಿಟ್ಟರೆ ಉರಿ ಹೆಚ್ಚಾಗಬಹುದು.

ಬಂಗಿಗೆ ಔಷಧಿ ಇದೆ. ತಿಂಗಳುಗಟ್ಟಲೆ ಹಚ್ಚಬೇಕು. ಬಸುರಿಯಾಗಿದ್ದರೆ ಮೊದಲೇ ಹೇಳಿ, ಕೆಲವು ಔಷಧಿ ಆಗ ಕೂಡದು. ನಿಂಬೆರಸ ಹಚ್ಚಬೇಡಿ, ಕಲ್ಲಿನಿಂದ ತಿಕ್ಕಬೇಡಿ. ಬಿಸಿಲಿಗೆ ಮೈಯೊಡ್ಡಿದರೆ ಹೋದ ಬಂಗು ಮತ್ತೆ ಬರುತ್ತದೆ. ಕೂಲಿಗೆ ಹೋಗುವವರಿಗೆ ಬಿಸಿಲಲ್ಲಿ ನಿಲ್ಲಬೇಡಿ ಅಂತ ಹೇಗೆ ಹೇಳೋದು? ಅಗಲ ಅಂಚಿನ ಟೋಪಿ ಹಾಕಿ, ಸೆರಗನ್ನು ಹಣೆಯ ಮುಂದಕ್ಕೆ ಎಳ್ಕೊಳ್ಳಿ. ಬಿಸಿಲಿಗೆ ಹಚ್ಚುವ ಕ್ರೀಮನ್ನು ಡಾಕ್ಟರು ಬರೆದುಕೊಟ್ಟರೆ ದಿನಾ ಹಚ್ಚಿ.

ಅಕ್ಕನ ಉರಿ ಇಳಿಯಲು ತಿಂಗಳುಗಳೇ ಹಿಡಿದವು. ಬಂಗು ಇನ್ನೂ ಸ್ವಲ್ಪ ಇದೆ. ಈಗ ಅವರು ಸೆರಗು ಮುಚ್ಚಿಕೊಳ್ಳದೆ ಮುಂದಿನ ಸಾಲಿನಲ್ಲಿ ಕೂರುತ್ತಾರೆ.

ಓದಿ, ಬರೆಯಿರಿ: ಬಂಗು, ಸೆರಗು, ಬಿಸಿಲು, ಮುಲಾಮು, ಕೆಂಪು ಗೆರೆ, ಚೀಟಿ.