ಮೊಲಗಳಿಗೆ ಎಣ್ಣೆ ಹಿಂಡಿ: ಯಾವುದು ಯೋಗ್ಯ, ಯಾವುದು ಅಪಾಯ?

ಎಣ್ಣೆಕಾಳುಗಳಿಂದ ಎಣ್ಣೆ ತೆಗೆದ ನಂತರ ಉಳಿಯುವ ಹಿಂಡಿಯು ಸಸಾರಜನಕದ ಉತ್ತಮ ಮೂಲ. ಬೆಳೆಯುವ ಮೊಲಗಳ ಆಹಾರದಲ್ಲಿ ಸುಮಾರು ಶೇಕಡಾ 16ರಷ್ಟು ಸಸಾರಜನಕವಿರಬೇಕು. ಹುಲ್ಲೊಂದರಿಂದಲೇ ಇದು ದೊರೆಯದ ಕಾರಣ ದಾಣಿಗೆ ಹಿಂಡಿ ಬೆರೆಸಬೇಕಾಗುತ್ತದೆ. ಆದರೆ ದನಗಳಿಗೆ ಒಗ್ಗುವ ಹಿಂಡಿಯೆಲ್ಲ ಮೊಲಗಳಿಗೆ ಒಗ್ಗುವುದಿಲ್ಲ. ಮೆಲುಕು ಹಾಕುವ ದನಗಳ ಮೊದಲ ಹೊಟ್ಟೆಯಲ್ಲಿ ಕೆಲವು ವಿಷವಸ್ತುಗಳ ಪ್ರಭಾವ ಕುಗ್ಗುತ್ತದೆ. ಮೊಲಕ್ಕೆ ಅಂತಹ ಹೊಟ್ಟೆಯಿಲ್ಲ. ತಿಂದದ್ದನ್ನು ಅದು ವಾಂತಿ ಮಾಡಲೂ ಆರದು.

ಕಡಲೆಕಾಯಿ ಹಿಂಡಿ

ಇದು ಮೊಲಗಳು ಇಷ್ಟಪಟ್ಟು ತಿನ್ನುವ ಹಿಂಡಿ. ಇದರಲ್ಲಿ ಸ್ವತಃ ವಿಷವಿಲ್ಲ, ಅಪಾಯವಿರುವುದು ಬೂಷ್ಟಿನಲ್ಲಿ. ತೇವ ತಗುಲಿದ ಕಾಯಿ ಅಥವಾ ಹಿಂಡಿಯ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂತಹ ಹಿಂಡಿ ತಿಂದು ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಬೆಳಕಿಗೆ ಬಂದಿತು. ಇದಕ್ಕೆ ಅತಿ ಬೇಗ ಬಲಿಯಾಗುವ ಪ್ರಾಣಿಗಳಲ್ಲಿ ಮೊಲವೂ ಒಂದು.

ವಿಷವೇರಿದ ಮೊಲಗಳು ಮೇವು ಬಿಡುತ್ತವೆ, ತೂಕ ಕಳೆದುಕೊಳ್ಳುತ್ತವೆ. ಯಕೃತ್ತು ಕೆಟ್ಟು ಕಾಮಾಲೆ ಕಾಣಿಸಿಕೊಂಡು ಸಾಯುತ್ತವೆ. ಕುದಿಸುವುದರಿಂದಾಗಲಿ, ಬೂಷ್ಟನ್ನು ಒರೆಸಿ ಬಿಸಿಲಿಗೆ ಹಾಕುವುದರಿಂದಾಗಲಿ ಹಿಂಡಿ ನಿರ್ವಿಷವಾಗುವುದಿಲ್ಲ.

ಹತ್ತಿಬೀಜದ ಹಿಂಡಿ

ಇದರಲ್ಲಿರುವ ಗಾಸಿಪಾಲ್ ಎಂಬ ವಸ್ತು ಹೃದಯಕ್ಕೂ ಸಂತಾನಶಕ್ತಿಗೂ ಹಾನಿಕರ. ಮರಿಗಳಿಗೆ, ಗಬ್ಬದ ಮೊಲಗಳಿಗೆ ಮತ್ತು ತಳಿಗಾಗಿ ಇಟ್ಟ ಗಂಡು ಮೊಲಗಳಿಗೆ ಇದನ್ನು ಕೊಡದಿರುವುದು ಲೇಸು.

ಕೊಡಲೇಬಾರದ ಹಿಂಡಿಗಳು

ಹರಳು ಹಿಂಡಿಯಲ್ಲಿ ರಿಸಿನ್ ಎಂಬ ಉಗ್ರ ವಿಷವಿದೆ. ಹೊಂಗೆ, ಬೇವು ಮತ್ತು ಹಿಪ್ಪೆ ಹಿಂಡಿಗಳೂ ಮೊಲಗಳಿಗೆ ತಕ್ಕವಲ್ಲ. ಇವು ಹೊಲಕ್ಕೆ ಒಳ್ಳೆಯ ಗೊಬ್ಬರ. ಇವುಗಳ ಚೀಲಗಳನ್ನು ದಾಣಿಯ ಕೋಣೆಯಲ್ಲಿ ಇಡಬಾರದು.

ಮಿಶ್ರಣ ಮಾಡುವ ಕ್ರಮ (10 ಕಿಲೋಗ್ರಾಂ)

ಮುಸುಕಿನ ಜೋಳದ ನುಚ್ಚು: 4 ಕಿಲೋಗ್ರಾಂ
ಗೋಧಿ ಬೂಸಾ: 3.8 ಕಿಲೋಗ್ರಾಂ
ಕಡಲೆಕಾಯಿ ಹಿಂಡಿ: 2 ಕಿಲೋಗ್ರಾಂ
ಖನಿಜ ಮಿಶ್ರಣ: 150 ಗ್ರಾಂ
ಉಪ್ಪು: 50 ಗ್ರಾಂ

ಇದರ ಜೊತೆಗೆ ಒಣಹುಲ್ಲು ಮತ್ತು ಹಸಿರು ಮೇವು ಸದಾ ಸಿಗುವಂತಿರಬೇಕು. ನಾರು ಕಡಿಮೆಯಾದರೆ ಮೊಲಗಳಿಗೆ ಭೇದಿಯಾಗುತ್ತದೆ. ಹೊಸ ದಾಣಿಯನ್ನು ಒಂದು ವಾರದ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ರೂಢಿಸಬೇಕು.

ಗಮನದಲ್ಲಿಡಬೇಕಾದ ಅಂಶಗಳು

1. ಹಿಂಡಿಯನ್ನು ಮುರಿದು ನೋಡಿ ಕೊಳ್ಳಬೇಕು. ಮುಗ್ಗಲು ವಾಸನೆ, ಹಸಿರು ಅಥವಾ ಕಪ್ಪು ಬೂಷ್ಟು ಇದ್ದರೆ ಬೇಡ. ಬೂಷ್ಟು ಕಾಣದಿದ್ದರೂ ವಿಷವಿರಬಹುದು. ಸಂಶಯವಿದ್ದಲ್ಲಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು.

2. ಮಳೆಗಾಲದಲ್ಲಿ ಹೆಚ್ಚು ದಾಸ್ತಾನು ಮಾಡಬಾರದು. ಚೀಲಗಳನ್ನು ನೆಲ, ಗೋಡೆಗಳಿಗೆ ತಾಗದಂತೆ ಹಲಗೆಯ ಮೇಲೆ ಇಡಬೇಕು.

3. ಮೊಲಗಳು ಮೇವು ಬಿಟ್ಟ ಕೂಡಲೇ ಆ ದಾಣಿಯನ್ನು ನಿಲ್ಲಿಸಿ, ಅದರ ಮಾದರಿಯೊಡನೆ ಪಶುವೈದ್ಯರನ್ನು ಕಾಣಬೇಕು.

ಕೆಟ್ಟ ಹಿಂಡಿಯ ಒಂದು ಚೀಲವನ್ನು ಬಿಸುಟರೆ ಆಗುವ ನಷ್ಟ ಅಲ್ಪ. ಅದನ್ನು ತಿನ್ನಿಸಿದರೆ ಇಡೀ ಗೂಡೇ ಬರಿದಾಗಬಹುದು.